ಮಿಲಿಟ್ರಿಯವರ ಮನೆ ನಡೆಸಿದ ನಮ್ಮಜ್ಜಿ

(ಚಿಂತಾಮಣಿಯಲ್ಲಿ ಮಾಜಿ ಸೈನಿಕರ ಕುಟುಂಬಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಮುಂದಿನ ಸಾಲಿನಲ್ಲಿ ಕೂತಿರುವ ಅಜ್ಜಿಯರಿಗೆ, ಅಮ್ಮಂದಿರಿಗೆ ಮೊದಲ ನಮಸ್ಕಾರ. ಆಮೇಲೆ ಅವರ ಹಿಂದೆ ಕೂತಿರುವ ಮಾಜಿ ಸೈನಿಕರಿಗೆ. ಈ ಕ್ರಮವನ್ನು ಬೇಕಂತಲೇ ಇಟ್ಟಿದ್ದೇನೆ. ಇಂಥ ಸಭೆಗಳಲ್ಲಿ ಸಾಮಾನ್ಯವಾಗಿ ಇದು ತಿರುಗುಮುರುಗಾಗಿ ಇರುತ್ತದೆ.

ನಮ್ಮಜ್ಜಿ ತೀರಿಕೊಂಡು ಒಂದು ವರ್ಷವಾಯಿತು. ತಿಥಿಗೆ ಬಂದವರೆಲ್ಲ ಹೇಳಿದ್ದು ಒಂದೇ ಮಾತು. "ಪಾಪ, ಗಂಡನ ದಾರಿ ಕಾದು ಕಾದೇ ಆಯಸ್ಸು ಕಳೆದರು." ಪ್ರೀತಿಯಿಂದ ಹೇಳಿದ ಮಾತು, ನನಗೆ ಗೊತ್ತು. ಆದರೆ ನಾನು ಒಪ್ಪುವುದಿಲ್ಲ. ಕೂತು ದಾರಿ ಕಾಯಲು ಅವರಿಗೆ ಪುರುಸೊತ್ತೇ ಇರಲಿಲ್ಲ. ತಾತ ಸೈನ್ಯದಲ್ಲಿದ್ದ ಅಷ್ಟೂ ವರ್ಷ ಆ ಮನೆಯ ಯಜಮಾನಿಕೆ ಅವರದೇ. ಜಮೀನು, ರೇಷ್ಮೆ ಹುಳದ ಮನೆ, ಸಾಲ, ಅತ್ತೆ ಮಾವನ ಔಷಧಿ, ಮಕ್ಕಳ ಸ್ಕೂಲು, ಎಲ್ಲವೂ. ಅವರ ತಾಳ್ಮೆಯನ್ನು ಹೊಗಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಅವರು ಮಾಡಿದ ಕೆಲಸದ ಬಗ್ಗೆ ಮಾತಾಡುತ್ತೇನೆ.

ನಮ್ಮೂರು ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಹೋಗುವ ಕಡೆ. ಆಗ ಇದೆಲ್ಲ ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗಿದ್ದು 2007ರಲ್ಲಿ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ನಮ್ಮ ಕಡೆ ಹೇಗೆ ಇರುತ್ತೋ ಹಾಗೆ. 1962ರ ಚೀನಾ ಯುದ್ಧದ ಮೇಲೆ ಸೈನ್ಯಕ್ಕೆ ಜಾಸ್ತಿ ಜನರನ್ನು ತೆಗೆದುಕೊಳ್ಳತೊಡಗಿದರು. 1963ರಲ್ಲಿ ತಾತ ಬೆಂಗಳೂರಿನ ಹಲಸೂರಿನಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ ಸೇರಿದರು. ಎಂಇಜಿ ಅಂದರೆ ನಿಮಗೆಲ್ಲ ಗೊತ್ತೇ ಇದೆ. ಸೇತುವೆ ಕಟ್ಟುವವರು, ರಸ್ತೆ ಮಾಡುವವರು, ನೆಲದಲ್ಲಿ ಹೂತ ಮೈನ್ ಬಾಂಬ್ ತೆಗೆಯುವವರು. 1967ರಲ್ಲಿ ಮದುವೆ. ರಜೆ ಮುಗಿದ ಕೂಡಲೇ ತಾತ ಹೊರಟರು.

ಆಗ ಇಲ್ಲಿ ಚಿಕ್ಕ ರೈಲು ಓಡುತ್ತಿತ್ತು. ಚಿಂತಾಮಣಿಯಲ್ಲಿ ಹತ್ತಿ, ಶ್ರೀನಿವಾಸಪುರ, ಕೋಲಾರ ದಾಟಿ ಬಂಗಾರಪೇಟೆಗೆ. ಅಲ್ಲಿ ದೊಡ್ಡ ರೈಲು ಹಿಡಿದು ಮದ್ರಾಸು. ಮದ್ರಾಸಿನಿಂದ ಜಿ.ಟಿ. ಎಕ್ಸ್‌ಪ್ರೆಸ್‌ನಲ್ಲಿ ದೆಹಲಿ. ದೆಹಲಿಯಿಂದ ಮುಂದೆ ಎಲ್ಲಿಗೆ ಅನ್ನುವುದು ಅಜ್ಜಿಗೆ ಗೊತ್ತಿರುತ್ತಿರಲಿಲ್ಲ. ಕಾಗದದ ಮೇಲೆ ಬರೆಯಬೇಕಿದ್ದದ್ದು ನಂಬರು, ರ‍್ಯಾಂಕು, ಹೆಸರು, ಯೂನಿಟ್ಟು, ಕೇರಾಫ್ 56 ಎಪಿಒ, ಅಂದರೆ ಸೈನ್ಯದ ಅಂಚೆ ಕಚೇರಿ, ಅಷ್ಟೇ. ಊರಿನ ಹೆಸರೇ ಇಲ್ಲದ ವಿಳಾಸ. ಕಾಶ್ಮೀರದಲ್ಲಿದ್ದರೂ ಅದೇ, ಪಂಜಾಬಿನಲ್ಲಿದ್ದರೂ ಅದೇ. ತಾತನ ಸರ್ವಿಸ್ ನಂಬರನ್ನು ಅಜ್ಜಿ ಕೊನೆಯವರೆಗೂ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದರು. ತಮ್ಮ ಹುಟ್ಟಿದ ತಾರೀಖು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಮದುವೆಯಾಗಿ ಬಂದಾಗ ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಕಾಗದ ಬಂದರೆ ಊರಿನ ಸ್ಕೂಲ್ ಮೇಷ್ಟ್ರ ಹತ್ತಿರ ಹೋಗಬೇಕು. ಅವರೇ ಓದಿ ಹೇಳಬೇಕು, ಉತ್ತರವನ್ನೂ ಅವರೇ ಬರೆಯಬೇಕು. ಪಕ್ಕದಲ್ಲಿ ಮಾವ ನಿಂತಿರುತ್ತಾರೆ. ಹೊಸದಾಗಿ ಮದುವೆಯಾದ ಹುಡುಗಿ ಗಂಡನಿಗೆ ಏನು ತಾನೇ ಬರೆಸಲು ಸಾಧ್ಯ, ಹೇಳಿ? 'ಇಲ್ಲಿ ಎಲ್ಲರೂ ಕ್ಷೇಮ' ಅಂತ ಬರೆಸುವುದು, ಬರುವುದು. ಹೀಗೆ ಕೆಲವು ತಿಂಗಳು ನಡೆಯಿತು. ಆಮೇಲೆ ಅಜ್ಜಿ ಸ್ಕೂಲಿಗೆ ಹೋಗುತ್ತಿದ್ದ ಚಿಕ್ಕ ನಾದಿನಿಯನ್ನು ಹಿಡಿದುಕೊಂಡರು. ರಾತ್ರಿ ಹುಳಕ್ಕೆ ಸೊಪ್ಪು ಹಾಕಿ ಬಂದ ಮೇಲೆ ಬುಡ್ಡಿ ದೀಪದಲ್ಲಿ ಅವಳ ಸ್ಲೇಟು ಹಿಡಿದು ಅ, ಆ ತಿದ್ದಿದರು. ಒಂದು ವರ್ಷದೊಳಗೆ ತಮ್ಮ ಕಾಗದ ತಾವೇ ಬರೆಯತೊಡಗಿದರು. ಸಾಕ್ಷರತಾ ಆಂದೋಲನ ನಮ್ಮೂರಿಗೆ ಬರುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತು ಇದು. ಗಂಡನ ಜೊತೆ ನಾಲ್ಕು ಮಾತು ಖಾಸಗಿಯಾಗಿ ಆಡಬೇಕು ಅನ್ನುವ ಆಸೆ ಅವರಿಗೆ ಅಕ್ಷರ ಕಲಿಸಿತು.

ಆ ಕಾಗದಗಳಲ್ಲಿ ಕೆಲವು ಈಗ ನನ್ನ ಹತ್ತಿರ ಇವೆ. ತಾತ ಅವನ್ನು ಹೋದಲ್ಲೆಲ್ಲ ಹೊತ್ತು ತಿರುಗಿ ಮನೆಗೆ ವಾಪಸ್ ತಂದಿದ್ದರು. ನೀಲಿ ಇನ್‌ಲ್ಯಾಂಡ್ ಲೆಟರು, ಮಡಿಕೆ ಬಿದ್ದ ಕಡೆ ಹರಿದಿದೆ. ಅಜ್ಜಿಗೆ ಒತ್ತಕ್ಷರ ಸರಿಯಾಗಿ ಬರುತ್ತಿರಲಿಲ್ಲ, ಅದನ್ನು ತಿದ್ದಿ ಒಂದನ್ನು ಓದುತ್ತೇನೆ. "ಹಸು ಕರು ಹಾಕಿದೆ. ಹೆಣ್ಣು ಕರು. ಹುಳ ಎರಡನೇ ಜ್ವರ ಎದ್ದಿದೆ. ಸೊಪ್ಪು ಸಾಲದು. ಪಕ್ಕದ ತೋಟದವರ ಹತ್ತಿರ ಮಾತಾಡಿದ್ದೇನೆ, ದುಡ್ಡು ಗೂಡು ಮಾರಿದ ಮೇಲೆ ಕೊಡುವುದು. ನಿಮ್ಮ ಅಪ್ಪನಿಗೆ ಕೆಮ್ಮು ಕಡಿಮೆ. ಬಾವಿ ವಿಷಯ ನೀವು ಬಂದಾಗ ಹೇಳುತ್ತೇನೆ. ಚಳಿಗೆ ಕಿವಿ ಮುಚ್ಚಿಕೊಳ್ಳಿ."

ರೇಷ್ಮೆ ಮಾಡದ ಊರಿನವರೂ ಇಲ್ಲಿ ಕೆಲವರು ಇದ್ದೀರಿ, ಅದಕ್ಕೆ ಹೇಳುತ್ತೇನೆ. ಜ್ವರ ಅಂದರೆ ಹುಳ ಪೊರೆ ಬಿಡುವುದು. ಅದು ತಿನ್ನುವುದು ನಿಲ್ಲಿಸಿ ತಲೆ ಎತ್ತಿ ಸುಮ್ನೆ ಕೂರುತ್ತದೆ. ನಾಲ್ಕು ಜ್ವರ ಆಗಬೇಕು. ನಾಲ್ಕನೇ ಜ್ವರ ಎದ್ದ ಮೇಲೆ ಏಳೆಂಟು ದಿನ ಹುಳಕ್ಕೆ ಎಲ್ಲಿಲ್ಲದ ಹಸಿವು. ಒಂದು ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಬಹುಪಾಲು ಆ ದಿನಗಳಿಗೇ ಬೇಕು. ಹಗಲು ರಾತ್ರಿ ನಿದ್ದೆ ಇಲ್ಲ. ಆಮೇಲೆ ಹುಳ ಹಣ್ಣಾಗುತ್ತದೆ, ಆರಿಸಿ ಚಂದ್ರಿಕೆ ಅನ್ನುವ ಬಿದಿರಿನ ತಟ್ಟೆಗೆ ಬಿಡಬೇಕು, ಗೂಡು ಕಟ್ಟಿದ ಮೇಲೆ ಬಿಡಿಸಿ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಸಾಗಿಸಬೇಕು. ವರ್ಷಕ್ಕೆ ಹಲವು ಬೆಳೆ. ತಾತನ ಮನಿಆರ್ಡರಿನಿಂದ ಆ ಮನೆ ನಡೆಯಿತು ಅಂತ ಹೇಳುವವರು ಈ ಲೆಕ್ಕವನ್ನೂ ಇಟ್ಟುಕೊಳ್ಳಬೇಕು.

ಇನ್ನು ಬಾವಿ ವಿಷಯ. ನಮ್ಮ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿ ಇಲ್ಲ. ಕೆರೆ ತುಂಬಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಂದು ಬೇಸಿಗೆಯಲ್ಲಿ ಬಾವಿಯ ನೀರು ತಳ ಕಂಡಿತು, ಹಿಪ್ಪುನೇರಳೆ ಒಣಗತೊಡಗಿತು. ಬಾವಿ ಆಳ ಮಾಡಿಸಬೇಕು. ತಾತನನ್ನು ಕೇಳಿ ಕಾಗದ ಹಾಕಿದರೆ ಅದು ಹೋಗಿ ಉತ್ತರ ಬರುವುದಕ್ಕೆ ಎಷ್ಟು ದಿನವೋ. ಅಷ್ಟರಲ್ಲಿ ತೋಟ ಹೋಗುತ್ತದೆ. ಅಜ್ಜಿ ಕೂಡಿಟ್ಟಿದ್ದ ಮನಿಆರ್ಡರಿನ ದುಡ್ಡು ತೆಗೆದರು, ಸಾಲದ್ದಕ್ಕೆ ತವರಿನವರು ಕೊಟ್ಟ ಕಾಸಿನ ಸರ ಅಡ ಇಟ್ಟರು, ಬಾವಿ ತೋಡುವವರನ್ನು ಕರೆಸಿದರು. ನೀರು ಬಂತು. ತೋಟ ಉಳಿಯಿತು. ಸರವನ್ನು ಮೂರನೇ ಬೆಳೆಗೆ ಬಿಡಿಸಿಕೊಂಡರು. ತಾತ ರಜೆಗೆ ಬಂದಾಗ ಮಾವ ದೂರು ಹೇಳಿದರಂತೆ, "ನಿನ್ನ ಹೆಂಡ್ತಿ ಯಾರನ್ನೂ ಕೇಳಲಿಲ್ಲ" ಅಂತ. ಆ ದೂರು ನಿಜವೇ. ಅಜ್ಜಿ ಯಾರನ್ನೂ ಕೇಳಿರಲಿಲ್ಲ.

ಕಾಗದದ ವಿಷಯದಲ್ಲಿ ಅವರಿಗೆ ಒಂದು ಕಟ್ಟುನಿಟ್ಟು ಇತ್ತು. ಕೆಟ್ಟ ಸುದ್ದಿ ಬರೆಯಬಾರದು. ಮೈನ್ ತೆಗೆಯುವ ಕೈ ಅದು, ಆ ಕೈಗೆ ಮನೆಯ ಚಿಂತೆ ತಲುಪಬಾರದು ಅನ್ನುತ್ತಿದ್ದರು. ಅವರ ಎರಡನೇ ಮಗು, ಗಂಡು, ಹುಟ್ಟಿ ಒಂಬತ್ತು ದಿನಕ್ಕೆ ತೀರಿಕೊಂಡಿತು. ತಾತನಿಗೆ ಗೊತ್ತಾಗಿದ್ದು ಮುಂದಿನ ರಜೆಗೆ ಬಂದಾಗ. ಇದು ಸರಿಯೋ ತಪ್ಪೋ ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. ತಂದೆಗೆ ಅಳುವ ಹಕ್ಕು ಇರಲಿಲ್ಲವೇ? ಇತ್ತು. ಆದರೆ ಆ ತಿಂಗಳುಗಳಲ್ಲಿ 'ಎಲ್ಲರೂ ಕ್ಷೇಮ' ಅಂತ ಬರೆದ ಆ ಕಾಗದಗಳನ್ನು ಓದುವಾಗ ತೂಗಿ ನೋಡುವ ಧೈರ್ಯ ನನಗೆ ಬರುವುದಿಲ್ಲ.

1971ಕ್ಕೆ ಬರುತ್ತೇನೆ. ಡಿಸೆಂಬರ್ 3ರ ಸಂಜೆ ಪಾಕಿಸ್ತಾನ ನಮ್ಮ ವಿಮಾನ ನಿಲ್ದಾಣಗಳ ಮೇಲೆ ಬಾಂಬ್ ಹಾಕಿತು. ಮಧ್ಯರಾತ್ರಿ ದಾಟಿದ ಮೇಲೆ ಇಂದಿರಾ ಗಾಂಧಿ ರೇಡಿಯೊದಲ್ಲಿ ಮಾತಾಡಿದರು. ನಮ್ಮೂರಿನಲ್ಲಿ ರೇಡಿಯೊ ಇದ್ದದ್ದು ಪಟೇಲರ ಮನೆಯಲ್ಲಿ. ಗಂಡಸರೆಲ್ಲ ಅಲ್ಲಿ ಜಗುಲಿ ಮೇಲೆ ಕೂತು ಕೇಳುತ್ತಿದ್ದರು. ಅಜ್ಜಿ ಹೋಗಲಿಲ್ಲ. ಹುಳ ನಾಲ್ಕನೇ ಜ್ವರ ಎದ್ದಿತ್ತು. ಚಳಿಗಾಲ, ಹುಳದ ಮನೆಗೆ ಕೆಂಡದ ಕಾವು ಇಡಬೇಕು. ಸಂಜೆ ಮೈದುನ ಬಂದು ಒಂದೊಂದು ಹೆಸರು ಹೇಳುತ್ತಿದ್ದ. ಲಾಹೋರು, ಶಕರ್‌ಗಢ, ಢಾಕಾ. ತಾತ ಇದ್ದದ್ದು ಶಕರ್‌ಗಢದ ಕಡೆ, ಬಸಂತರ್ ನದಿಯ ಹತ್ತಿರ. ಅಲ್ಲಿ ನಮ್ಮ ಟ್ಯಾಂಕುಗಳು ನದಿ ದಾಟಿ ಮುಂದೆ ಹೋಗಬೇಕಾದರೆ ಮೊದಲು ಮೈನ್ ಹೂತ ನೆಲದಲ್ಲಿ ದಾರಿ ಮಾಡಬೇಕಿತ್ತು. ಅದು ಎಂಜಿನಿಯರುಗಳ ಕೆಲಸ, ಗುಂಡಿನ ನಡುವೆಯೇ. ಕೈಯಿಂದ ಮೈನ್ ಹುಡುಕುವಾಗ ಹೊಟ್ಟೆಯ ಮೇಲೆ ಮಲಗಿ, ಕಡ್ಡಿಯನ್ನು ಓರೆಯಾಗಿ ಚುಚ್ಚುತ್ತಾ ಅಂಗುಲ ಅಂಗುಲವಾಗಿ ಹೋಗಬೇಕು. ಇದು ಅಜ್ಜಿಗೆ ಆಗ ಗೊತ್ತಿರಲಿಲ್ಲ.

ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದವರು ಸೋಲೊಪ್ಪಿ ಸಹಿ ಹಾಕಿದರು, ಪೂರ್ವದಲ್ಲಿ ಸುಮಾರು 93,000 ಜನ ಶರಣಾದರು. ಮಾರನೇ ಸಂಜೆ ಪಶ್ಚಿಮದಲ್ಲೂ ಗುಂಡು ನಿಂತಿತು. ಊರಲ್ಲಿ ಸಿಹಿ ಹಂಚಿದರು. ಸೈನಿಕರ ಮನೆಗಳಲ್ಲಿ ಅಷ್ಟು ಬೇಗ ಸಿಹಿ ತಿನ್ನಲು ಆಗುವುದಿಲ್ಲ, ಅಲ್ವಾ? ಗೆದ್ದಿದ್ದೇವೆ ಅನ್ನುವುದು ಗೊತ್ತು, ನಮ್ಮವರು ಇದ್ದಾರಾ ಅನ್ನುವುದು ಗೊತ್ತಿಲ್ಲ. ಆ ದಿನಗಳ ಒಬ್ಬ ಅಂಚೆಯವರನ್ನು ನಾನು ಇಲ್ಲಿ ನೆನೆಯಬೇಕು. ಅವರು ಬೀದಿಯ ತಿರುವಿನಲ್ಲೇ ಸೈಕಲ್ಲಿನಿಂದ ಇಳಿದು ದೂರದಿಂದ ಕೂಗುತ್ತಿದ್ದರಂತೆ, "ತಂತಿ ಅಲ್ಲಮ್ಮಾ, ಬರೀ ಕಾಗದ!" ಸಾವಿನ ಸುದ್ದಿ ಬರುತ್ತಿದ್ದದ್ದು ತಂತಿಯಲ್ಲಿ. ಬೇರೆ ಯಾರದ್ದೋ ಕಾಗದ ಇದ್ದರೂ, ಅಜ್ಜಿಯ ಮನೆ ದಾಟುವಾಗ ಹಾಗೆ ಕೂಗಿಯೇ ಹೋಗುತ್ತಿದ್ದರು. ಆ ಮನುಷ್ಯನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಜನವರಿಯಲ್ಲಿ ತಾತನ ಕಾಗದ ಬಂತು. ಕದನ ವಿರಾಮದ ಮೇಲೂ ಮೈನ್ ತೆಗೆಯುವ ಕೆಲಸ ಮುಗಿದಿರಲಿಲ್ಲ, ಆದ್ದರಿಂದ ಅವರು ಊರಿಗೆ ಬಂದಿದ್ದು ಬೇಸಿಗೆಯಲ್ಲಿ.

1974ರಲ್ಲಿ ಕ್ವಾರ್ಟರ್ಸ್ ಸಿಕ್ಕಿತು. ಜವಾನರಿಗೆ ಕ್ವಾರ್ಟರ್ಸ್ ಸಿಗುವುದು ಅಪರೂಪ, ಸಿಕ್ಕರೂ ಎರಡು ಮೂರು ವರ್ಷಕ್ಕೆ. ಜಲಂಧರ್ ಕಂಟೋನ್ಮೆಂಟ್. ಕರಿ ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹೆಸರು. ಒಳಗೆ ಬಟ್ಟೆಗಿಂತ ಜಾಸ್ತಿ ರಾಗಿ ಹಿಟ್ಟು. ಅಜ್ಜಿ ಪಂಜಾಬಿಗೆ ಹೋಗಿ ಕಲಿತ ಭಾಷೆ ಯಾವುದು ಗೊತ್ತಾ? ತಮಿಳು. ಎಂಇಜಿಯಲ್ಲಿ ಎಲ್ಲ ದಕ್ಷಿಣದವರೇ. ಅಕ್ಕಪಕ್ಕದ ಮನೆಯವರು ವೇಲೂರಿನವರು, ಮಧುರೆಯವರು, ಕೇರಳದವರು. ಒಬ್ಬರ ಹೆರಿಗೆಗೆ ಇನ್ನೊಬ್ಬರು, ಒಬ್ಬರ ಗಂಡ ಎಕ್ಸರ್‌ಸೈಜಿಗೆ ಹೋದರೆ ಅವರ ಮಕ್ಕಳಿಗೆ ಇನ್ನೊಬ್ಬರ ಮನೆಯ ಊಟ. ನಮ್ಮ ಸೋದರಮಾವ ಹುಟ್ಟಿದ್ದು ಅಲ್ಲೇ. ಅಜ್ಜಿಯ ಜೀವನದಲ್ಲಿ ಗಂಡ ದಿನಾ ಸಂಜೆ ಮನೆಗೆ ಬರುತ್ತಿದ್ದ ಮೊದಲ ವರ್ಷಗಳು ಅವು. ಆದರೂ ಅವರು ಆ ಕಥೆ ಹೇಳುವಾಗ ತಾತನಿಗಿಂತ ಜಾಸ್ತಿ ಆ ಹೆಂಗಸರೇ ಬರುತ್ತಿದ್ದರು.

ಯಾರೂ ಮಾತಾಡದ ಒಂದು ವಿಷಯ ಇದೆ. ಹಿಂದೆ ಕೂತಿರುವ ಹಿರಿಯರು ಬೇಸರ ಮಾಡಿಕೊಳ್ಳಬೇಡಿ. ಗಂಡ ದೂರ ಇದ್ದಾಗಿನ ಕಷ್ಟವನ್ನು ಎಲ್ಲರೂ ಹೇಳುತ್ತಾರೆ. ಗಂಡ ಕಾಯಂ ಆಗಿ ಮನೆಗೆ ಬಂದಾಗಿನ ಕಷ್ಟವನ್ನು ಯಾರು ಹೇಳುತ್ತಾರೆ? ತಾತ 1984ರಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದರು. ಇನ್ನೂ ನಲವತ್ತರ ಆಸುಪಾಸು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಶೇವ್ ಮಾಡಿ, ಮನೆಯವರನ್ನೆಲ್ಲ ಎಬ್ಬಿಸಿ, ಲೆಕ್ಕ ಕೇಳುವ ಯಜಮಾನ ಒಬ್ಬ ಮನೆಗೆ ಬಂದ ಹಾಗಾಯಿತು. ಆದರೆ ಆ ಮನೆಗೆ ಯಜಮಾನಿ ಆಗಲೇ ಇದ್ದರು, ಬೀಗದ ಕೈ ಅವರ ಸೊಂಟದಲ್ಲೇ ಇತ್ತು. ಒಂದು ದಿನ ಅಜ್ಜಿ ಗೂಡನ್ನು ಒಂದು ದರಕ್ಕೆ ಕೊಟ್ಟು ಬಂದರು. ತಾತ ಜಗುಲಿಯಲ್ಲೇ ಕೇಳಿದರು, "ಯಾರನ್ನ ಕೇಳಿ ಮಾರಿದೆ?" ಅಜ್ಜಿ ಹೇಳಿದರು, "ಇಷ್ಟು ವರ್ಷ ಕೇಳೋಕೆ ನೀವು ಇಲ್ಲಿದ್ರಾ?" ಆಮೇಲೆ ಸುಮಾರು ದಿನ ಇಬ್ಬರೂ ಮಾತಾಡಲಿಲ್ಲ ಅಂತ ಅಮ್ಮ ಹೇಳುತ್ತಾರೆ. ಅಡುಗೆ ಮನೆಯಿಂದ ತಟ್ಟೆ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.

ಇಲ್ಲಿ ತಾತನ ಪರವಾಗಿಯೂ ಹೇಳಬೇಕು. ಆಜ್ಞೆ ಕೇಳುವುದು, ಆಜ್ಞೆ ಕೊಡುವುದು, ಇವೆರಡನ್ನು ಬಿಟ್ಟರೆ ಬೇರೆ ಥರ ಮಾತಾಡುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ತನ್ನ ಮನೆಯಲ್ಲೇ ನೆಂಟನ ಹಾಗೆ ಇರುವುದು ಯಾವ ಗಂಡಸಿಗೂ ಸುಲಭವಲ್ಲ. ಹೊಸದಾಗಿ ಉತ್ತ ಹೊಲದಲ್ಲಿ ನಾವು ಮೊಮ್ಮಕ್ಕಳು ಓಡಿದರೆ ಅವರ ಮುಖ ಬಿಳುಚಿಕೊಳ್ಳುತ್ತಿತ್ತು. ಯಾಕೆ ಅಂತ ಅಜ್ಜಿಗೆ ಮಾತ್ರ ಗೊತ್ತಿತ್ತು. ಬಸಂತರ್ ಕಥೆಯನ್ನು ತಾತ ಹೇಳಿದ್ದು ಅವರೊಬ್ಬರಿಗೇ. ಕೊನೆಗೆ ತಾತ ಒಂದು ಬ್ಯಾಂಕಿನಲ್ಲಿ ಗನ್‌ಮ್ಯಾನ್ ಕೆಲಸಕ್ಕೆ ಸೇರಿದರು, ಹಸುಗಳನ್ನು ವಹಿಸಿಕೊಂಡರು. ಹುಳದ ಮನೆಯ ಲೆಕ್ಕವನ್ನು ಅಜ್ಜಿಗೇ ಬಿಟ್ಟರು. ಬಿಟ್ಟುಕೊಡುವುದಕ್ಕೆ ಇಬ್ಬರಿಗೂ ಬಹಳ ಕಾಲ ಹಿಡಿಯಿತು. ಆಮೇಲೆ ಇಬ್ಬರೂ ಕಾರ್ತಿಕದಲ್ಲಿ ಕೈವಾರಕ್ಕೆ ಒಟ್ಟಿಗೆ ಹೋಗಿ, ಯೋಗಿ ನಾರೇಯಣ ತಾತಯ್ಯನವರ ಮಠದಲ್ಲಿ ತತ್ವಪದ ಕೇಳಿ ಬರುವುದನ್ನು ನಾನೇ ನೋಡಿದ್ದೇನೆ.

ತಾತ 2009ರಲ್ಲಿ ಹೋದರು. ಅಜ್ಜಿಯ ಕೊನೆಯ ದೊಡ್ಡ ಕೆಲಸ ಶುರುವಾಗಿದ್ದು ಅಲ್ಲಿಂದ. ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದರೆ ಬ್ಯಾಂಕಿನವರು ಆಗುವುದಿಲ್ಲ ಅಂದರು. ಸೈನ್ಯದ ದಾಖಲೆಯಲ್ಲಿ ಅಜ್ಜಿಯ ಹೆಸರು ಒಂದು ಥರ, ರೇಷನ್ ಕಾರ್ಡಿನಲ್ಲಿ ಇನ್ನೊಂದು ಥರ. ನಮ್ಮ ಕಡೆ ಹೆಂಗಸರ ಹೆಸರಿನ ಕೊನೆಗೆ 'ಅಮ್ಮ' ಇರುತ್ತದೆ. 1967ರಲ್ಲಿ ಬರೆದುಕೊಂಡ ಯಾರೋ ಗುಮಾಸ್ತರು ಅದನ್ನು ಬಿಟ್ಟು ಇಂಗ್ಲಿಷಿನಲ್ಲಿ ಕಿವಿಗೆ ಕೇಳಿದ ಹಾಗೆ ಬರೆದಿದ್ದರು. ತಾತನ ನಂಬರು ಅವರಿಗೆ ಬಾಯಿಪಾಠ, ಅವರ ಹೆಸರು ಮಾತ್ರ ಆ ಕಡತದಲ್ಲಿ ಸರಿಯಾಗಿರಲಿಲ್ಲ. ತಿಂಗಳುಗಟ್ಟಲೆ ಪಿಂಚಣಿ ಇಲ್ಲ. ಅಜ್ಜಿ ಅಫಿಡವಿಟ್ ಮಾಡಿಸಿದರು, ಸೈನಿಕ ಕಲ್ಯಾಣ ಇಲಾಖೆಗೆ ಅಲೆದರು, ಬೆಂಗಳೂರಿನ ರೆಕಾರ್ಡ್ ಆಫೀಸಿಗೆ ಹೋಗಿ ಬೆಂಚಿನ ಮೇಲೆ ಕೂತರು. ಅಲ್ಲಿ ಯಾರೋ ತಮಿಳಿನವರು ಸಿಕ್ಕರು, ಜಲಂಧರ್‌ನ ತಮಿಳು ಕೆಲಸಕ್ಕೆ ಬಂತು. ಹೆಸರು ತಿದ್ದಿಸಿಕೊಂಡೇ ಬಂದರು.

ತಮ್ಮ ಕೆಲಸ ಆದ ಮೇಲೆ ಸುಮ್ಮನೆ ಕೂರಲಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಮಿಲಿಟ್ರಿಯವರ ಮನೆ ಎಲ್ಲಿದೆಯೋ ಅಲ್ಲಿಗೆಲ್ಲ ಹೋದರು. ನಾನು ಕಾಲೇಜಿನಲ್ಲಿದ್ದೆ, ಇಂಗ್ಲಿಷ್ ಓದಿ ಹೇಳಲು ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಕಾಫಿ ಕೊಡುವ ಮೊದಲೇ ಕೇಳುತ್ತಿದ್ದರು, "ಪಿಪಿಒ ತಗೊಂಡು ಬಾಮ್ಮಾ, ನಿನ್ನ ಹೆಸರು ಇದೆಯಾ ನೋಡೋಣ." ಪಿಪಿಒ ಅಂದರೆ ಪಿಂಚಣಿ ಆದೇಶ. ಹಳೆಯ ಆದೇಶಗಳಲ್ಲಿ ಹೆಂಡತಿಯ ಹೆಸರೇ ಇಲ್ಲದಿರುವುದುಂಟು. ಹೊಸದಾಗಿ ಮದುವೆಯಾದ ಹುಡುಗಿಯರಿಗೆ ಅವರ ಪ್ರಶ್ನೆ, "ಪಾರ್ಟ್ ಟೂ ಆಯ್ತಾ?" ಮದುವೆ, ಮಗು ಹುಟ್ಟಿದ್ದು, ಇವು ಯೂನಿಟ್ಟಿನ ಪಾರ್ಟ್ ಟೂ ಆರ್ಡರಿನಲ್ಲಿ ಬರದೆ ಇದ್ದರೆ ಸೈನ್ಯದ ಲೆಕ್ಕದಲ್ಲಿ ಆ ಹೆಂಡತಿಯೂ ಇಲ್ಲ, ಆ ಮಗುವೂ ಇಲ್ಲ. ಒಂದೇ ಶ್ರೇಣಿ ಒಂದೇ ಪಿಂಚಣಿ 2014ರ ಜುಲೈ 1ರಿಂದ ಲೆಕ್ಕಕ್ಕೆ ಬಂದಾಗ ಬಾಕಿ ಹಣವನ್ನು ಮಾಜಿ ಸೈನಿಕರಿಗೆ ನಾಲ್ಕು ಕಂತಿನಲ್ಲಿ, ಕುಟುಂಬ ಪಿಂಚಣಿಯವರಿಗೆ ಒಂದೇ ಕಂತಿನಲ್ಲಿ ಕೊಡಬೇಕು ಅಂತ ಆಯಿತು. ಅದನ್ನು ಮನೆಮನೆಗೆ ಹೋಗಿ ಹೇಳಿದವರೂ ಅಜ್ಜಿಯೇ. ತಮಗೆ ಬಂದ ದುಡ್ಡನ್ನು ಮೊಮ್ಮಗನ ನರ್ಸಿಂಗ್ ಫೀಸಿಗೆ ಕಟ್ಟಿದರು.

ಮೊಮ್ಮಕ್ಕಳಿಗೆ ಅವರು ಹೇಗಿದ್ದರು ಅಂತ ಕೇಳಿದರೆ, ಮುದ್ದು ಮಾಡುವ ಅಜ್ಜಿ ಅಲ್ಲ. ರಜೆಗೆ ಹೋದರೆ ಸೊಪ್ಪು ಕೊಯ್ಯಿಸುತ್ತಿದ್ದರು, ಅದಕ್ಕೆ ಕೂಲಿ ಕೊಡುತ್ತಿದ್ದರು, ಕೂಲಿಯ ಲೆಕ್ಕ ಬರೆಸುತ್ತಿದ್ದರು. ಊರಿನಿಂದ ಹೊರಟಾಗ ಬಸ್ ಸ್ಟ್ಯಾಂಡಿಗೆ ಬಂದರೂ ಅಳುತ್ತಿರಲಿಲ್ಲ. ಕಳಿಸಿಕೊಡುವುದು ಅವರಿಗೆ ಅಭ್ಯಾಸವಾಗಿತ್ತು. ಬಸ್ಸು ಹೊರಟ ಮೇಲೆ ತಿರುಗಿ ನೋಡದೆ ಹೋಗಿಬಿಡುತ್ತಿದ್ದರು, ಚಿಕ್ಕವಳಿದ್ದಾಗ ನನಗೆ ಅದರಿಂದ ಬಹಳ ನೋವಾಗುತ್ತಿತ್ತು.

ಕೊನೆಯ ವರ್ಷಗಳಲ್ಲಿ ಅವರ ಬೆರಳಚ್ಚು ಮೆಷಿನ್ನಿಗೆ ಸಿಗುತ್ತಿರಲಿಲ್ಲ. ಸೊಪ್ಪು ಕಿತ್ತು, ಪಾತ್ರೆ ಉಜ್ಜಿ ಗೆರೆಗಳೇ ಸವೆದಿದ್ದವು. ಪ್ರತಿ ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಕೊಡುವುದೇ ಒಂದು ಸಂಕಟ. 2021ರಿಂದ ಮೊಬೈಲಿನಲ್ಲಿ ಮುಖ ತೋರಿಸಿ ಅದನ್ನು ಕೊಡಬಹುದು. ಇಲ್ಲಿ ಎಷ್ಟೋ ಅಜ್ಜಿಯರಿಗೆ ಅದು ಗೊತ್ತಿಲ್ಲ. ಎಂಬತ್ತು ದಾಟಿದವರು ನವೆಂಬರ್‌ವರೆಗೂ ಕಾಯಬೇಕಿಲ್ಲ, ಅಕ್ಟೋಬರಿನಿಂದಲೇ ಕೊಡಬಹುದು.

ಅದಕ್ಕೇ ಇವತ್ತು ಊಟ ಆದ ಮೇಲೆ ಯಾರೂ ಗಡಿಬಿಡಿ ಮಾಡಿ ಹೊರಡಬೇಡಿ. ನಾನೂ ನನ್ನ ತಮ್ಮನೂ ಬಾಗಿಲ ಹತ್ತಿರದ ಮೇಜಿನಲ್ಲಿ ಸಂಜೆಯವರೆಗೂ ಕೂತಿರುತ್ತೇವೆ. ಪಿಪಿಒ, ಡಿಸ್ಚಾರ್ಜ್ ಬುಕ್ಕು, ಆಧಾರ್, ಬ್ಯಾಂಕ್ ಪಾಸ್‌ಬುಕ್ಕು ತಂದವರು ಬನ್ನಿ. ನಾಲ್ಕರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇದೆಯಾ, ಹುಟ್ಟಿದ ತಾರೀಖು ಒಂದೇ ಇದೆಯಾ, ಬ್ಯಾಂಕ್ ಖಾತೆ ಜಂಟಿಯಾಗಿದೆಯಾ, ನೋಡಿ ಹೇಳುತ್ತೇವೆ. ಯಜಮಾನರು ಬದುಕಿರುವವರು ಮೊದಲು ಬನ್ನಿ, ಅವರ ಒಂದು ಸಹಿಯಿಂದ ಆಗುವ ಕೆಲಸಕ್ಕೆ ಆಮೇಲೆ ವರ್ಷ ಅಲೆಯಬೇಕಾಗುತ್ತದೆ. ಕಾಗದ ಮನೆಯಲ್ಲೇ ಬಿಟ್ಟು ಬಂದಿದ್ದರೆ ನಿಮ್ಮ ಊರಿನ ಹೆಸರು ಬರೆಸಿ ಹೋಗಿ, ನಾವೇ ಬರುತ್ತೇವೆ.